ಹೊರನಾಡಿನ ಅಡಿಗೆಮನೆಗೆ ಎಂಥ ಪುಸ್ತಕ ಬೇಕು?

ಹೈದರಾಬಾದಿನ ಕನ್ನಡಿಗರೆಲ್ಲರೂ ಒಂದೇ ದಾರಿಯಿಂದ ಇಲ್ಲಿಗೆ ಬಂದವರಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದುದರಿಂದ ಅಲ್ಲಿನವರಿಗೆ ಇದು ಪರಸ್ಥಳವೇ ಆಗಿರಲಿಲ್ಲ. ಧಾರವಾಡದಿಂದ, ಮೈಸೂರಿನಿಂದ, ಕರಾವಳಿಯಿಂದ ಬ್ಯಾಂಕು, ಕಚೇರಿ, ಪ್ರಯೋಗಾಲಯ, ಹೋಟೆಲುಗಳ ಉದ್ಯೋಗಕ್ಕಾಗಿ ಬಂದವರು ಬೇರೆ. ಈಚಿನ ವರ್ಷಗಳಲ್ಲಿ ಗಣಕಯಂತ್ರದ ಕಂಪೆನಿಗಳನ್ನು ಅರಸಿ ಬಂದ ತರುಣ ದಂಪತಿಗಳು ಬೇರೆ. ಆದರೆ ಇವರೆಲ್ಲರ ಮನೆಗಳಲ್ಲಿಯೂ ಒಂದು ತೊಡಕು ಸಮಾನವಾಗಿದೆ. ಊರಿನಲ್ಲಿ ಅಡಿಗೆಯ ವಿದ್ಯೆ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಒಲೆಯ ಮುಂದೆಯೇ ಸಾಗುತ್ತಿತ್ತು. ಕಲಿಸುವವರು ಊರಿನಲ್ಲಿ, ಕಲಿಯುವವರು ಇಲ್ಲಿ ಎಂದಾದಾಗ ಆ ಪರಂಪರೆಗೆ ಕತ್ತರಿ ಬಿದ್ದಿತು. ಆ ತೆರವನ್ನು ತುಂಬಲು ಪುಸ್ತಕ ಮನೆಯೊಳಕ್ಕೆ ಬಂದಿತು.

ಪುಸ್ತಕಗಳಿಗೇನೋ ಕೊರತೆಯಿಲ್ಲ. ಮದುವೆಯ ಉಡುಗೊರೆಯಾಗಿ ಬಂದದ್ದು, ಕುಕ್ಕರಿನ ಜೊತೆ ಪೆಟ್ಟಿಗೆಯಲ್ಲಿ ಬಂದದ್ದು, ಆಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದದ್ದು, ಹೀಗೆ ಪ್ರತಿಯೊಂದು ಮನೆಯಲ್ಲಿಯೂ ಐದಾರು ಇದ್ದೇ ಇರುತ್ತವೆ. ಅವುಗಳಲ್ಲಿ ಎಣ್ಣೆಯ ಕಲೆ, ಅರಿಸಿನದ ಬೆರಳಚ್ಚು ಬಿದ್ದವು ಎಷ್ಟು? ಸಾಮಾನ್ಯವಾಗಿ ಒಂದೋ ಎರಡೋ. ಉಳಿದವು ಚಿತ್ರ ನೋಡುವುದಕ್ಕೆ ಮಾತ್ರ. ಆದ್ದರಿಂದ ಕೊಳ್ಳುವ ಮೊದಲೇ ಆರಿಸುವ ಬಗೆಯನ್ನು ಕುರಿತು ಸ್ವಲ್ಪ ಆಲೋಚಿಸುವುದು ಉಚಿತ. ಇದರಲ್ಲಿ ಹಣದ ಪ್ರಶ್ನೆಗಿಂತ ಮನೆಯವರ ಆರೋಗ್ಯದ ಪ್ರಶ್ನೆ ಹೆಚ್ಚಿನದು.

ಪಾಕಗ್ರಂಥಗಳು ನಮಗೆ ಹೊಸವಲ್ಲ

ಅಡಿಗೆಯನ್ನು ಬರೆದಿಡುವ ಅಭ್ಯಾಸ ಪಾಶ್ಚಾತ್ಯರಿಂದ ಬಂದದ್ದೆಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಕ್ರಿ.ಶ. ೧೦೨೫ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಕೃಷಿ, ಜಲಶೋಧನೆ, ವೈದ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವೆಂಬ ಒಂದು ಭಾಗವೇ ಇದೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಇಲ್ಲಿಂದ ಮುಂಬಯಿ ಹೆದ್ದಾರಿ ಹಿಡಿದು ಹೊರಟರೆ ಅರ್ಧ ದಿನದ ದಾರಿಯೂ ಅಲ್ಲ. ೧೫೦೮ರ ಸುಮಾರಿನಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಕೃತಿಯನ್ನು ಷಟ್ಪದಿಯಲ್ಲಿ ರಚಿಸಿ, ಹಿಟ್ಟಿನ ತಿನಿಸು, ಪಾನಕ, ಅನ್ನಗಳಿಂದ ಹಿಡಿದು ಬದನೆ, ಹಲಸು, ಬಾಳೆ, ಕಳಲೆಗಳವರೆಗೆ ಸಸ್ಯಾಹಾರದ ಪಾಕಗಳನ್ನು ವಿವರಿಸಿದನು.

ಇವು ರಾಜರೂ ಸಾಮಂತರೂ ಪಂಡಿತರೂ ಬರೆದ ಗ್ರಂಥಗಳು. ಒಲೆಯ ಮುಂದೆ ಕುಳಿತವರೇ ಬರೆದ ಪುಸ್ತಕಗಳು ಬಂದದ್ದು ಬಹಳ ತಡವಾಗಿ. ಅವುಗಳ ಹುಟ್ಟಿನಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಅವರು ದೂರದ ಬಂಧುಗಳು ಕೇಳಿದಾಗಲೆಲ್ಲ ಅಡಿಗೆಯ ಕ್ರಮವನ್ನು ಕಾಗದದಲ್ಲಿ ಬರೆದು ಕಳುಹಿಸುತ್ತಿದ್ದರು. ಅದನ್ನೇ ಪುಸ್ತಕವಾಗಿಸಬಾರದೇಕೆ ಎಂದು ಹಿರಿಯರೊಬ್ಬರು ಸೂಚಿಸಿದ ಮೇಲೆ ೧೯೫೧ರಲ್ಲಿ 'ಸಮೈತ್ತುಪ್ಪಾರ್' ಪ್ರಕಟವಾಯಿತು. 'ಅಡಿಗೆ ಮಾಡಿ ನೋಡು' ಎಂಬುದು ಆ ಹೆಸರಿನ ಅರ್ಥ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಮುಂಬಯಿಗೆ ವಲಸೆ ಹೋದ ಚಿತ್ರಾಪುರ ಸಾರಸ್ವತರ ಮಹಿಳಾ ಸಮಾಜವು ಮರಾಠಿಯಲ್ಲಿ ಹೊರತಂದ 'ರಸಚಂದ್ರಿಕಾ' ಇಂಥದೇ ಇನ್ನೊಂದು ಪುಸ್ತಕ; ಆಮೇಲೆ ಅದು ಇಂಗ್ಲಿಷಿಗೂ ಬಂದಿತು. ಅದರಲ್ಲಿ ಪಾಕಗಳೊಂದಿಗೆ ಮನೆಮದ್ದುಗಳೂ ಹಬ್ಬಗಳ ವಿವರಗಳೂ ಸೇರಿವೆ.

ಎರಡೂ ಪುಸ್ತಕಗಳು ಪಕ್ಕದಲ್ಲಿ ಇಲ್ಲದವರನ್ನು ನೆನೆದು ಬರೆದವು. ಅವು ತಲೆಮಾರುಗಳ ಕಾಲ ಬಾಳಿದುದರ ಗುಟ್ಟು ಅದೇ. ನಮ್ಮ ಆಯ್ಕೆಗೂ ಇದೇ ಒರೆಗಲ್ಲಾಗಬೇಕು: ಕೈಗೆತ್ತಿಕೊಂಡ ಪುಸ್ತಕವು ಪಕ್ಕದಲ್ಲಿ ನಿಂತು ಹೇಳಿಕೊಡುವವರು ಯಾರೂ ಇಲ್ಲದ ಮನೆಗೆ ಸಾಕಾಗುತ್ತದೆಯೇ?

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಹೊಸ ಪುಸ್ತಕವನ್ನು ಹಿಡಿದೊಡನೆ ನಮಗೆ ತಿಳಿಯದ ತಿನಿಸಿನ ಪುಟವನ್ನು ತೆರೆಯುವುದು ಸಹಜ. ಅದರ ಬದಲು ನಮಗೆ ಚೆನ್ನಾಗಿ ತಿಳಿದ ಒಂದು ಅಡಿಗೆಯ ಪುಟವನ್ನು ತೆರೆಯಬೇಕು. ಮೈಸೂರಿನವರು ಬಿಸಿಬೇಳೆ ಹುಳಿಯನ್ನವನ್ನು ಹುಡುಕಲಿ. ಧಾರವಾಡದವರು ಎಣ್ಣೆಗಾಯಿಯನ್ನು, ಕರಾವಳಿಯವರು ಕೊದ್ದೆಲನ್ನು ಹುಡುಕಲಿ. ಅದನ್ನು ಲೇಖಕರು ಸರಿಯಾಗಿ ಬರೆದಿದ್ದರೆ ನಾವು ಅರಿಯದ ಪಾಕಗಳ ಮಾತಿನಲ್ಲಿಯೂ ಅವರನ್ನು ನಂಬಬಹುದು. ನಮ್ಮ ಅಡಿಗೆಯೇ ಗುರುತು ಸಿಗದಂತಿದ್ದರೆ ಪುಸ್ತಕವನ್ನು ಅಲ್ಲಿಯೇ ಇಟ್ಟುಬಿಡುವುದು ಲೇಸು.

ಎರಡನೆಯದಾಗಿ, ಎಷ್ಟು ಜನರಿಗೆ ಎಂಬುದನ್ನು ಪ್ರತಿ ಪಾಕದಲ್ಲಿಯೂ ಹೇಳಿದೆಯೇ ನೋಡಬೇಕು. ಸಾಮಗ್ರಿಗಳನ್ನು ಬಳಸುವ ಕ್ರಮದಲ್ಲಿಯೇ ಮೊದಲಿಗೆ ಪಟ್ಟಿ ಮಾಡಿದೆಯೇ, ಅಥವಾ 'ಆಮೇಲೆ ನಿನ್ನೆ ನೆನೆಸಿಟ್ಟ ಬೇಳೆಯನ್ನು ಹಾಕಿ' ಎಂದು ನಡುವಿನಲ್ಲಿ ಬೆಚ್ಚಿಬೀಳಿಸುತ್ತದೆಯೇ ಎಂಬುದೂ ಮುಖ್ಯ.

ಮೂರನೆಯದಾಗಿ, ಹೊತ್ತನ್ನು ಮಾತ್ರ ಹೇಳದೆ ಗುರುತನ್ನೂ ಹೇಳಿರಬೇಕು. 'ಹಿಟ್ಟನ್ನು ರಾತ್ರಿಯೆಲ್ಲ ಇಡಿ' ಎಂಬ ಮಾತು ಬೆಂಗಳೂರಿನ ಜನವರಿಗೆ ಕಡಿಮೆಯಾದೀತು. ನಲವತ್ತು ಡಿಗ್ರಿ ದಾಟುವ ಹೈದರಾಬಾದಿನ ಮೇ ತಿಂಗಳಿನಲ್ಲಿ ಬೆಳಗಾಗುವಷ್ಟರಲ್ಲಿ ಹಿಟ್ಟು ಹುಳಿಯ ಮುದ್ದೆಯಾದೀತು. 'ಉಬ್ಬಿ ಇಮ್ಮಡಿಯಾಗುವವರೆಗೆ' ಎಂದು ಬರೆದ ಪುಸ್ತಕ ಎರಡೂ ಊರಿಗೆ ಸಲ್ಲುತ್ತದೆ. ಬೇಳೆಯ ಮಾತೂ ಹಾಗೆಯೇ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯಲು ಹೆಚ್ಚು ಸಮಯ ಬೇಕು. ಆದ್ದರಿಂದ ಇಷ್ಟು ನಿಮಿಷ ಎನ್ನುವುದಕ್ಕಿಂತ 'ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು' ಎಂಬ ಮಾತು ಹೆಚ್ಚು ಉಪಯುಕ್ತ.

ನಾಲ್ಕನೆಯದು ನಿತ್ಯದ ಅಡಿಗೆಯ ಪ್ರಶ್ನೆ. ಹೊಳಪು ಕಾಗದದ ಪುಸ್ತಕಗಳು ಬಹುಮಟ್ಟಿಗೆ ಹಬ್ಬದ ಅಡಿಗೆಯವು; ಅಲ್ಲಿ ತುಪ್ಪ, ಗೋಡಂಬಿ, ಕೆನೆಗಳ ಹೊಳೆ ಹರಿಯುತ್ತದೆ. ದುಡಿದು ಬಂದ ಮಂಗಳವಾರದ ಸಂಜೆ ಮುಕ್ಕಾಲು ಗಂಟೆಯಲ್ಲಿ ಮಾಡಬಹುದಾದ ಪಾಕಗಳು ಎಷ್ಟಿವೆಯೆಂದು ಎಣಿಸಿ ನೋಡಬೇಕು. ಹತ್ತೂ ಸಿಗದಿದ್ದರೆ ಅದು ನಿತ್ಯದ ಸಂಗಾತಿಯಾಗಲಾರದು.

ಅಳತೆಯ ಗೊಂದಲ

ಹಳೆಯ ಪುಸ್ತಕಗಳನ್ನು ಕೊಳ್ಳುವವರು ಅಳತೆಯ ವಿಷಯದಲ್ಲಿ ಎಚ್ಚರವಾಗಿರಬೇಕು. ನಮ್ಮಲ್ಲಿ ಮೆಟ್ರಿಕ್ ಪದ್ಧತಿ ೧೯೫೮ರಿಂದ ಹಂತಹಂತವಾಗಿ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಪುಸ್ತಕಗಳೂ ಹಳೆಯ ರೂಢಿಯನ್ನೇ ಮುಂದುವರಿಸಿದ ಕೆಲವು ಪುಸ್ತಕಗಳೂ ತೊಲ, ಛಟಾಕು, ಪಾವು, ಸೇರುಗಳಲ್ಲಿ ಮಾತನಾಡುತ್ತವೆ. ಒಂದು ತೊಲವೆಂದರೆ ೧೧.೬೬ ಗ್ರಾಂ. ಎಂಬತ್ತು ತೊಲದ ಪಕ್ಕಾ ಸೇರು ೯೩೩ ಗ್ರಾಂ ಆದರೆ, ಹಳೆಯ ಮೈಸೂರಿನ ಇಪ್ಪತ್ತನಾಲ್ಕು ತೊಲದ ಕಚ್ಚಾ ಸೇರು ಕೇವಲ ೨೮೦ ಗ್ರಾಂ. ಅಕ್ಕಿಗಾದರೆ ಸೇರು, ಪಾವುಗಳು ತೂಕದ ಬದಲು ಪಾತ್ರೆಯ ಅಳತೆಯೂ ಆಗಿರಬಹುದು. 'ಒಂದು ಸೇರು ಬೆಲ್ಲ' ಎಂಬಲ್ಲಿ ಯಾವ ಸೇರೆಂದು ತಿಳಿಯದೆ ಹೊರಟರೆ ಹೋಳಿಗೆಯ ಹೂರಣದ ಗತಿಯೇನೆಂದು ಬೇರೆ ಹೇಳಬೇಕಾಗಿಲ್ಲ.

ವಿದೇಶದಲ್ಲಿ ಅಚ್ಚಾದ ಪುಸ್ತಕಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ. ಅಮೆರಿಕದ ಬಟ್ಟಲು ಸುಮಾರು ೨೪೦ ಮಿಲಿಲೀಟರು, ಆಸ್ಟ್ರೇಲಿಯದ್ದು ೨೫೦. ದೊಡ್ಡ ಚಮಚ ಇತರೆಡೆ ೧೫ ಮಿಲಿಲೀಟರಾದರೆ ಆಸ್ಟ್ರೇಲಿಯದಲ್ಲಿ ೨೦. ಕಮಲಾಬಾಯಿ ಓಗಲೆಯವರ ಮರಾಠಿ ಪುಸ್ತಕ 'ರುಚಿರಾ' ೧೯೭೦ರಲ್ಲಿ ಪ್ರಕಟವಾದಾಗ ಮನೆಮನೆಯಲ್ಲಿಯೂ ಬಳಕೆಗೆ ಬಂದುದಕ್ಕೆ ಒಂದು ಕಾರಣ, ಅವರು ಮನೆಯಲ್ಲಿ ಇದ್ದೇ ಇರುವ ಬಟ್ಟಲು, ಚಮಚಗಳಲ್ಲಿಯೇ ಅಳತೆಯನ್ನು ಹೇಳಿದ್ದು. ಮರಾಠಿ ಓದಬಲ್ಲ ಬೀದರ, ಬೆಳಗಾವಿ ಕಡೆಯ ಮನೆಗಳಿಗೆ ಅದು ಇಂದಿಗೂ ಒಳ್ಳೆಯ ಪುಸ್ತಕ.

ಯಾವ ಊರಿನ ಮೆಣಸಿನಕಾಯಿ?

'ಕನ್ನಡ ಅಡಿಗೆ' ಎಂಬ ಒಂದೇ ಅಡಿಗೆಯಿಲ್ಲ. ಹಳೆಯ ಮೈಸೂರಿನ ಹುಳಿಗೂ ಕರಾವಳಿಯ ಕೊದ್ದೆಲಿಗೂ ಕಲಬುರಗಿಯ ಬೇಳೆಗೂ ಸಾಮ್ಯಕ್ಕಿಂತ ಭೇದವೇ ಹೆಚ್ಚು. ಆದ್ದರಿಂದ ಪುಸ್ತಕವು ತಾನು ಯಾವ ಸೀಮೆಯದೆಂದು ಹೇಳಿಕೊಂಡಿರಬೇಕು. ಹೇಳದಿದ್ದರೆ ಅಡಿಗೆ ಕೆಡುವುದು ಮೆಣಸಿನಕಾಯಿಯಲ್ಲಿಯೇ. ನಮ್ಮ ಕಡೆಯ ಪುಸ್ತಕದಲ್ಲಿ 'ಒಣಮೆಣಸಿನಕಾಯಿ ಹದಿನೈದು' ಎಂದಿದ್ದರೆ ಅದು ಬಹುಶಃ ಬ್ಯಾಡಗಿ. ಬಣ್ಣ ಹೆಚ್ಚು, ಖಾರ ಕಡಿಮೆ. ಇಲ್ಲಿನ ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದು ಗುಂಟೂರಿನದು. ಲೆಕ್ಕ ತಪ್ಪದೆ ಹದಿನೈದು ಹಾಕಿದರೆ ಉಣ್ಣುವವರ ಕಣ್ಣಲ್ಲಿ ನೀರು ಖಂಡಿತ. ಒಳ್ಳೆಯ ಪುಸ್ತಕ ಮೆಣಸಿನಕಾಯಿಯ ಜಾತಿಯನ್ನು ಹೇಳುತ್ತದೆ. ಅದು ಸಿಗದಿದ್ದರೆ ಏನು ಮಾಡಬೇಕೆಂಬುದನ್ನೂ ಹೇಳುತ್ತದೆ.

ನೆರೆಯವರ ಪುಸ್ತಕಗಳು

ಕನ್ನಡ ಓದಬಲ್ಲವರಿಗೆ ತೆಲುಗು ಲಿಪಿ ಕೆಲವು ದಿನಗಳ ಅಭ್ಯಾಸದಿಂದ ಕೈವಶವಾಗುತ್ತದೆ. ಹೀಗಿದ್ದೂ ಕೋಠಿಯ ಅಂಗಡಿಗಳಲ್ಲಿ ಸುಲಭ ಬೆಲೆಗೆ ದೊರೆಯುವ ತೆಲುಗು ಅಡಿಗೆ ಪುಸ್ತಕಗಳನ್ನು ನಾವು ಕಣ್ಣೆತ್ತಿಯೂ ನೋಡುವುದಿಲ್ಲ. ಅವು ಈ ಊರಿನ ಸಂತೆಯ ತರಕಾರಿಗಾಗಿಯೇ ಬರೆದ ಪುಸ್ತಕಗಳು. ಅವರ ಗೋಂಗೂರವೇ ನಮ್ಮ ಪುಂಡಿ. ಚಿಂತಪಂಡು ಎಂದರೆ ಹುಣಿಸೆಹಣ್ಣು. ಕಂದಿಪಪ್ಪು ತೊಗರಿಬೇಳೆ, ಪೆಸರಪಪ್ಪು ಹೆಸರುಬೇಳೆ, ಮಿನಪಪ್ಪು ಉದ್ದಿನಬೇಳೆ. ಒಂದು ಕಡೆ ಮಾತ್ರ ಜೋಕೆ: ಶನಗಪಪ್ಪು ಎಂಬುದನ್ನು ಕೇಳಿ ಶೇಂಗಾ ಎಂದು ತಿಳಿಯಬಾರದು. ಅದು ಕಡಲೆಬೇಳೆ. ಶೇಂಗಾಕ್ಕೆ ಇಲ್ಲಿ ಪಲ್ಲೀಲು ಅಥವಾ ವೇರುಶನಗ ಎನ್ನುತ್ತಾರೆ.

ನೆರೆಯವರ ಪುಸ್ತಕ ನಮ್ಮದನ್ನು ಮರೆಸುತ್ತದೆಂಬ ಅಂಜಿಕೆಗೆ ಕಾರಣವಿಲ್ಲ. ಎಳೆ ಬದನೆಕಾಯಿಯನ್ನು ನಾಲ್ಕಾಗಿ ಸೀಳಿ ತೊಟ್ಟು ಬಿಡದೆ ಮಸಾಲೆ ತುಂಬುವ ನಮ್ಮ ಎಣ್ಣೆಗಾಯಿ, ತೆಲುಗರ ಗುತ್ತಿ ವಂಕಾಯ, ಹಳೆಯ ಹೈದರಾಬಾದಿನ ಬಗಾರಾ ಬೈಂಗನ್, ಈ ಮೂರನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಓದಿ ನೋಡಿರಿ. ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಿಸೆ ಇವು ಬಹುಮಟ್ಟಿಗೆ ಮೂರು ಮನೆಗಳಿಗೂ ಸಮಾನ. ನಮ್ಮವರು ಬೆಲ್ಲದ ಚೂರನ್ನೂ ಕೆಲವೆಡೆ ಗುರೆಳ್ಳಿನ ಪುಡಿಯನ್ನೂ ಸೇರಿಸುತ್ತಾರೆ. ಅಕ್ಕಪಕ್ಕದಲ್ಲಿಟ್ಟು ಓದಿದಾಗಲೇ ನಮ್ಮದರಲ್ಲಿ ನಮ್ಮದೇ ಆದುದು ಯಾವುದೆಂದು ತಿಳಿಯುತ್ತದೆ.

ಈ ಬಗೆಯ ಓದಿಗೆ ದಾರಿ ತೋರಿದವರೊಬ್ಬರು ಈ ಊರಿನಲ್ಲಿಯೇ ಇದ್ದರು. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ ಕೊಳ್ಳೇಗಾಲದಲ್ಲಿ ೧೯೨೩ರಲ್ಲಿ ಹುಟ್ಟಿದ ಡಾ. ಕೆ. ಟಿ. ಅಚಯ ಅವರು ಎಣ್ಣೆ ಮತ್ತು ಕೊಬ್ಬುಗಳ ರಸಾಯನ ವಿಜ್ಞಾನಿಯಾಗಿ ಹೈದರಾಬಾದಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ೧೯೫೦ರಿಂದ ಸುಮಾರು ಎರಡು ದಶಕ ಕೆಲಸ ಮಾಡಿದರು. ೧೯೯೪ರಲ್ಲಿ ಪ್ರಕಟವಾದ ಅವರ 'ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್' ಭಾರತದ ಆಹಾರದ ಚರಿತ್ರೆಗೆ ಆಧಾರಗ್ರಂಥವೆನಿಸಿದೆ. ಅದು ಪಾಕಪುಸ್ತಕವಲ್ಲ, ಆದರೆ ಇಡ್ಲಿ ಎಲ್ಲಿಂದ ಬಂತು, ಮೆಣಸಿನಕಾಯಿ ಬರುವ ಮೊದಲು ನಮ್ಮ ಹಿರಿಯರು ಖಾರಕ್ಕೆ ಏನು ಹಾಕುತ್ತಿದ್ದರು ಎಂದು ಮಕ್ಕಳು ಕೇಳಿದಾಗ ಉತ್ತರ ಹೇಳಲು ನೆರವಾಗುತ್ತದೆ.

ಆರೋಗ್ಯದ ಲೆಕ್ಕ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಬಲ್ಲುದು ಎಂದರೆ ಇಂದು ಸ್ವಲ್ಪ ಲೆಕ್ಕವನ್ನೂ ಬಲ್ಲುದು ಎಂದಾಗಿದೆ. ಊರಿನಲ್ಲಿ ರೊಟ್ಟಿ ತಟ್ಟಿ, ನೀರು ಸೇದಿ, ನಡೆದು ಕರಗಿಸುತ್ತಿದ್ದ ಊಟವನ್ನೇ ನಗರದಲ್ಲಿ ಕುರ್ಚಿಯ ಮೇಲೆ ಕುಳಿತು ಉಂಡರೆ ಅದೇ ಊಟ ಹೊರೆಯಾಗುತ್ತದೆ. ಮಧುಮೇಹ, ರಕ್ತದೊತ್ತಡಗಳು ಇಲ್ಲದ ಮನೆಯನ್ನು ಹುಡುಕಬೇಕಾದ ಈ ಕಾಲದಲ್ಲಿ ಅಡಿಗೆಪುಸ್ತಕವನ್ನು ಆ ಕಣ್ಣಿನಿಂದಲೂ ನೋಡಬೇಕು.

ಈ ಕೆಲಸಕ್ಕೆ ಬೇಕಾದ ಆಧಾರವೂ ನಮ್ಮ ನೆರೆಯಲ್ಲಿಯೇ ಇದೆ. ೧೯೧೮ರಲ್ಲಿ ಕೂನೂರಿನಲ್ಲಿ ಸರ್ ರಾಬರ್ಟ್ ಮೆಕ್ಯಾರಿಸನ್ನರು ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಸಣ್ಣ ಪ್ರಯೋಗಾಲಯವು ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಬಂದು, ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರು ತಳೆಯಿತು. ತಾರನಾಕದಲ್ಲಿರುವ ಈ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ ೫೨೮ ಆಹಾರ ಪದಾರ್ಥಗಳ ವಿವರವಿದೆ. ಅದರಂತೆ ನೂರು ಗ್ರಾಂ ರಾಗಿಯಲ್ಲಿ ೩೬೪ ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಎಂಟು ಮಿಲಿಗ್ರಾಂ ಕೂಡ ಇಲ್ಲ. ನಾರಿನ ಅಂಶ ಜೋಳದಲ್ಲಿ ಹತ್ತು ಗ್ರಾಂ, ಅಂಥ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಊರಿನಲ್ಲಿ ರೊಟ್ಟಿ, ಮುದ್ದೆ ಉಂಡವರು ನಗರಕ್ಕೆ ಬಂದು ಮೂರು ಹೊತ್ತೂ ಅನ್ನಕ್ಕೆ ಒಲಿದಾಗ ಏನನ್ನು ಕಳೆದುಕೊಂಡರೆಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ. ಹಾಗೆಂದು ರಾಗಿಯನ್ನು ಮಧುಮೇಹಕ್ಕೆ ಔಷಧವೆಂದು ಸಾರುವ ಪುಸ್ತಕವನ್ನು ನಂಬಬೇಕಾಗಿಲ್ಲ. ರಾಗಿಯೂ ಪಿಷ್ಟವುಳ್ಳ ಧಾನ್ಯವೇ; ನುಣ್ಣನೆಯ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ರೋಗವನ್ನು ಗುಣಪಡಿಸುತ್ತೇನೆಂದು ಮುಖಪುಟದಲ್ಲಿಯೇ ಹೇಳುವ ಅಡಿಗೆಪುಸ್ತಕವನ್ನು ದೂರವಿಡುವುದು ಕ್ಷೇಮ.

ಪುಸ್ತಕದ ಎಣ್ಣೆಯನ್ನು ತೂಗಿ ನೋಡುವುದು ಕಷ್ಟವಲ್ಲ. ನಾಲ್ವರ ಎಣ್ಣೆಗಾಯಿಗೆ ಕಾಲು ಬಟ್ಟಲು ಎಣ್ಣೆ ಎಂದಿದ್ದರೆ ಅದು ಸುಮಾರು ೫೫ ಗ್ರಾಂ. ಗ್ರಾಮಿಗೆ ಒಂಬತ್ತು ಕ್ಯಾಲೊರಿಯಂತೆ ಹತ್ತಿರ ಹತ್ತಿರ ೫೦೦, ತಲೆಗೆ ೧೨೫ರಷ್ಟು. ಇದು ಒಂದು ಪಲ್ಯದ ಎಣ್ಣೆಯಿಂದ ಮಾತ್ರ ಬಂದದ್ದು. ಅನ್ನ, ರೊಟ್ಟಿಗಳ ಲೆಕ್ಕ ಬೇರೆ. ಉಪ್ಪಿನ ಲೆಕ್ಕ ಇನ್ನೂ ಸುಲಭ. ಒಬ್ಬರಿಗೆ ದಿನಕ್ಕೆ ಐದು ಗ್ರಾಮಿಗಿಂತ ಹೆಚ್ಚು ಉಪ್ಪು ಬೇಡವೆಂದು ತಜ್ಞರ ಮತ. ನಾಲ್ವರ ಮನೆಗೆ ದಿನಕ್ಕೆ ಇಪ್ಪತ್ತು ಗ್ರಾಂ ಎಂದರೆ ಒಂದು ಕಿಲೋ ಪೊಟ್ಟಣ ಐವತ್ತು ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ತಿನಿಸುಗಳ ಉಪ್ಪೂ ಇದೇ ಲೆಕ್ಕಕ್ಕೆ ಸೇರಿದ್ದು. ಪೊಟ್ಟಣ ಕೊಂಡ ದಿನವನ್ನು ಅದರ ಮೇಲೆಯೇ ಬರೆದಿಟ್ಟು ಎಷ್ಟು ದಿನ ಬಂದಿತೆಂದು ನೋಡಿರಿ. ಸೋಡಿಯಂ ಕಡಿಮೆಯಿರುವ ಉಪ್ಪನ್ನು ಬಳಸಲು ಹೇಳುವ ಪುಸ್ತಕಗಳೂ ಈಗ ಬಂದಿವೆ. ಅಂಥ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿರುವುದರಿಂದ ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಮೂರು ಪುಸ್ತಕಗಳು, ಮತ್ತೊಂದು

ಹೀಗೆ ನೋಡಿದರೆ ಹೊರನಾಡಿನ ಮನೆಗೆ ಹತ್ತಾರು ಪುಸ್ತಕಗಳ ಅಗತ್ಯವಿಲ್ಲ. ತನ್ನ ಸೀಮೆಯ ನಿತ್ಯದ ಅಡಿಗೆಯನ್ನು ಅಳತೆ ಸಹಿತ ಹೇಳುವ ಒಂದು ಪುಸ್ತಕ, ಬದುಕುತ್ತಿರುವ ಊರಿನ ಅಡಿಗೆಯದು ಒಂದು, ಆಹಾರದ ಗುಣಗಳನ್ನು ತಿಳಿಸುವುದು ಒಂದು, ಇಷ್ಟಿದ್ದರೆ ಸಾಕು. ಕಾಲೇಜಿಗೆಂದು ಬಂದು ಕೋಣೆ ಹಿಡಿದ ಹುಡುಗನಿಗೂ ನಿವೃತ್ತರಾಗಿ ಮೊದಲ ಬಾರಿಗೆ ಅಡಿಗೆಮನೆ ಹೊಕ್ಕ ಹಿರಿಯರಿಗೂ ಇದೇ ಮಾತು ಸಲ್ಲುತ್ತದೆ.

ಆದರೆ ಯಾವ ಅಂಗಡಿಯಲ್ಲಿಯೂ ಸಿಗದ ಪುಸ್ತಕ ಇನ್ನೊಂದಿದೆ. ಅದು ನಮ್ಮ ಮನೆಯ ಹಿರಿಯರ ಕೈಯಲ್ಲಿದೆ. ಅವರನ್ನು ಕೇಳಿದರೆ 'ಅಂದಾಜಿಗೆ ಹಾಕು' ಎನ್ನುತ್ತಾರೆ. ಆ ಅಂದಾಜು ಎಪ್ಪತ್ತು ವರ್ಷಗಳ ಲೆಕ್ಕ. ಅವರೊಂದಿಗೆ ಅದೂ ಹೊರಟುಹೋಗುತ್ತದೆ. ಅದನ್ನು ಹಿಡಿಯುವ ಉಪಾಯ ಸರಳವಾಗಿದೆ. ಊರಿನಿಂದ ತಾಯಿಯೋ ಅತ್ತೆಯೋ ಬಂದಿರುವಾಗ, ಅವರು ಒಗ್ಗರಣೆಗೆ ಹಾಕಹೊರಟ ಸಾಸಿವೆಯನ್ನು, ಸಾರಿಗೆ ಹಾಕಹೊರಟ ಪುಡಿಯನ್ನು ಮೊದಲು ಒಂದು ಬಟ್ಟಲಿಗೆ ಹಾಕಿಸಿಕೊಂಡು ಸಣ್ಣ ತಕ್ಕಡಿಯಲ್ಲಿ ತೂಗಿ, ಆಮೇಲೆ ಪಾತ್ರೆಗೆ ಸುರಿಯಬೇಕು. ಎಷ್ಟು ಜನರಿಗೆ, ಯಾವ ಮೆಣಸಿನಕಾಯಿ, ಯಾವ ತಿಂಗಳು ಎಂಬುದನ್ನು ಬರೆಯಬೇಕು. 'ಘಮ ಬಂದಾಗ', 'ನೊರೆ ಇಳಿದಾಗ' ಎಂದು ಅವರು ಆಡುವ ಮಾತುಗಳನ್ನು ಅವರು ಆಡಿದಂತೆಯೇ ಬರೆದುಕೊಳ್ಳಬೇಕು. ವೈದ್ಯರ ಸಲಹೆಯಂತೆ ಉಪ್ಪು, ಎಣ್ಣೆ, ಸಕ್ಕರೆಗಳನ್ನು ಇಳಿಸಿದ್ದರೆ ಅದನ್ನು ಪಕ್ಕದಲ್ಲಿ ಬೇರೆಯಾಗಿ ಗುರುತಿಸಬೇಕು. ಹಿರಿಯರ ಅಳತೆಯನ್ನು ಅಳಿಸಬಾರದು.

ಕನ್ನಡ ಓದಲು ಬಾರದ ಮಕ್ಕಳು ಇಂದು ನಮ್ಮ ಹಲವು ಮನೆಗಳಲ್ಲಿದ್ದಾರೆ. ಅಜ್ಜಿಯ ಗೊಜ್ಜಿನ ಪಾಕವನ್ನು ಓದಬೇಕೆಂಬ ಆಸೆಯಿಂದಲಾದರೂ ಅವರಲ್ಲಿ ಕೆಲವರು ಅಕ್ಷರ ಕಲಿತರೆ ಆಶ್ಚರ್ಯವಿಲ್ಲ. ಮುಂಬಯಿಯ ಸಾರಸ್ವತ ಮಹಿಳೆಯರು ಮಾಡಿ ತೋರಿಸಿದ ಕೆಲಸವನ್ನು ಹೈದರಾಬಾದಿನ ನಮ್ಮ ಸೋದರಿಯರು, ಸೋದರರು ಮಾಡಲಾಗದೆಂದೇನೂ ಇಲ್ಲ. ಮನೆಗೆ ಎರಡರಂತೆ ತೂಗಿ ಬರೆದ ಪಾಕಗಳು, ಒಂದು ಬೀದರಿನದು, ಒಂದು ಉಡುಪಿಯದು, ಒಂದು ಹಾಸನದ್ದು ಎಂದು ಐವತ್ತು ಮನೆಗಳಿಂದ ಬಂದರೆ ನೂರು ಪಾಕಗಳಾದವು. ಮುಂದಿನ ವರ್ಷದ ಸಂಚಿಕೆಗೆ ಅಷ್ಟು ಸಾಮಗ್ರಿ ಸಾಕು. ಬರೆಯಿಸಬೇಕಾದವರು ಇನ್ನೂ ನಮ್ಮ ನಡುವೆ ಇರುವಾಗಲೇ ತಕ್ಕಡಿಯನ್ನು ಕೈಗೆ ತೆಗೆದುಕೊಳ್ಳೋಣ.